ಓದಿಗಾಗಿ ಒಂದು ಗ್ರಾಫಿಕ್ಸ್ ಕಾರ್ಡ್

ನಾನು ಓದುತ್ತಿರುವುದು ಇತಿಹಾಸದ ಸ್ನಾತಕೋತ್ತರ ಪದವಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನ ಕಷ್ಟಗಳೆಲ್ಲ ಹುಟ್ಟಿದ್ದು ಅಲ್ಲಿಂದಲೇ. ಅನಿಮೇಷನ್ ಓದುವವನು ಪರದೆಯ ಚಿತ್ರಗಳನ್ನು ಚುರುಕಾಗಿ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬೇಕೆಂದರೆ ಮನೆಯವರು ಮರುಮಾತಿಲ್ಲದೆ ಒಪ್ಪುತ್ತಾರೆ. ಶಾಸನ ಓದುವವನಿಗೆ ಅದೇಕೆ? ಕಲ್ಲಿನ ಮೇಲಿನ ಅಕ್ಷರ ಆಟದ ಪರದೆಯಂತೆ ಸೆಕೆಂಡಿಗೆ 144 ಸಲ ಬದಲಾಗುವುದಿಲ್ಲ.

ಅಪ್ಪ ನನ್ನ ಗೇಮಿಂಗ್ ಕಂಪ್ಯೂಟರಿನ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಒಂದೇ ಪ್ರಶ್ನೆ ಕೇಳಿದರು. "ಇದರಲ್ಲಿ ಓದಿಗೆ ಬೇಕಾದ ಭಾಗ ಯಾವುದು?"

"ಕೀಲಿಮಣೆ" ಎಂದೆ. ಬಾಯಿ ತಪ್ಪಿ ಬಂದ ಸತ್ಯ.

ಸುಧಾರಿಸಿಕೊಳ್ಳಲು ನನ್ನ ವಿಷಯವನ್ನೇ ಮೊರೆಹೋದೆ. 1962ರ ಹೊತ್ತಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ರಸೆಲ್ ಮತ್ತು ಅವನ ಗೆಳೆಯರು ಪಿಡಿಪಿ-1 ಎಂಬ ಕಂಪ್ಯೂಟರ್ ಮೇಲೆ 'ಸ್ಪೇಸ್‌ವಾರ್' ಎಂಬ ಆಟ ಕಟ್ಟಿದ್ದನ್ನು ವಿವರಿಸಿದೆ. ಆ ಯಂತ್ರದ ಮೆಮೊರಿ ಇಂದಿನ ಲೆಕ್ಕದಲ್ಲಿ ಸುಮಾರು 9 ಕಿಲೋಬೈಟ್. ಅಷ್ಟರಲ್ಲೇ ಎರಡು ಗಗನನೌಕೆಗಳು ನಕ್ಷತ್ರವೊಂದರ ಸುತ್ತ ಕಾದಾಡುತ್ತಿದ್ದವು. ಅಂದರೆ ವಿಶ್ವವಿದ್ಯಾಲಯ ಮತ್ತು ಆಟದ ಸಂಬಂಧ ನಿನ್ನೆ ಮೊನ್ನೆಯದಲ್ಲ, ಅದಕ್ಕೆ ಪರಂಪರೆಯಿದೆ ಎಂದು ಉಪಸಂಹಾರ ಮಾಡಿದೆ.

"ಅವರು ಆಟವನ್ನು ಬರೆದರು, ನೀನು ಆಡುತ್ತೀಯ" ಎಂದರು ಅಪ್ಪ. ಆದರೂ ದುಡ್ಡು ಕೊಡಲು ಒಪ್ಪಿದರು. ನನ್ನ ವಾದಕ್ಕೆ ಸೋತರೋ, ಉಪನ್ಯಾಸ ನಿಂತರೆ ಸಾಕೆಂದು ಒಪ್ಪಿದರೋ ಇವತ್ತಿಗೂ ಸ್ಪಷ್ಟವಿಲ್ಲ.

ಆಮೇಲೆ ಆರಂಭವಾಯಿತು ಸಂಶೋಧನೆ. ನನ್ನ ಪ್ರಬಂಧಕ್ಕೆ ನಾನು ಅಷ್ಟು ಆಕರ ಹುಡುಕಿದವನಲ್ಲ. ಪ್ರೊಸೆಸರ್ ಹೆಸರಿನ ಕೊನೆಯ ಒಂದಕ್ಷರಕ್ಕಾಗಿ ರಾತ್ರಿಯಿಡೀ ಕುಳಿತೆ: ಯು ಎಂದರೆ ಮಿತವ್ಯಯಿ, ಎಚ್ ಎಂದರೆ ಕಸುವುಳ್ಳದ್ದು. 16 ಜಿಬಿ ರ‍್ಯಾಮನ್ನು ಒಂದೇ ಪಟ್ಟಿಯಾಗಿ ಹಾಕುವುದಕ್ಕಿಂತ ಎಂಟೆಂಟರ ಎರಡು ಪಟ್ಟಿಯಾಗಿ ಹಾಕಿದರೆ ವೇಗ ಹೆಚ್ಚು ಎಂದು ತಿಳಿದ ದಿನ ಅದನ್ನು ಅಜ್ಜಿಗೂ ಹೇಳಿದೆ. ಅವರು "ಒಳ್ಳೆಯದಾಯಿತು" ಎಂದರು. 512 ಜಿಬಿ ಎಂದು ಬರೆದ ಡ್ರೈವ್ ವಿಂಡೋಸ್‌ನಲ್ಲಿ 476 ಎಂದು ಕಾಣಿಸುವುದು ಮೋಸವಲ್ಲವಂತೆ. ತಯಾರಿಸಿದವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಈಗಿನ ಕೆಲವು ಆಟಗಳು ಒಂದೊಂದೇ 100 ಜಿಬಿ ದಾಟುವುದರಿಂದ ಯಾರ ಲೆಕ್ಕ ಹಿಡಿದರೂ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಸಲಹೆ ಕೊಡುವವರ ಸುದ್ದಿ ಬೇಡ. "ಇನ್ನೆರಡು ತಿಂಗಳು ತಡೆ, ಹೊಸದು ಬರುತ್ತದೆ" ಎನ್ನುವವನೊಬ್ಬ ಎಲ್ಲ ಗುಂಪಿನಲ್ಲೂ ಇರುತ್ತಾನೆ. ನಾನು ವಿಚಾರಿಸಿದೆ, ಅವನ ಬಳಿ ಇನ್ನೂ ಕಂಪ್ಯೂಟರೇ ಇರಲಿಲ್ಲ.

ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ ಎಂಬ ಪ್ರಶ್ನೆ ಮಾತ್ರ ಗ್ರಂಥಾಲಯದಲ್ಲಿ ತಾನಾಗಿಯೇ ಇತ್ಯರ್ಥವಾಯಿತು. ಗೆಳೆಯನೊಬ್ಬ ತನ್ನ ಗೇಮಿಂಗ್ ಲ್ಯಾಪ್‌ಟಾಪನ್ನು ಒಂದು ವಾರ ಬಳಸಿ ನೋಡೆಂದು ಕೊಟ್ಟಿದ್ದ. ಎರಡೂವರೆ ಕಿಲೋ ತೂಕ. ಅಡಾಪ್ಟರ್ ಬೇರೆ, ಅದನ್ನು ಗೋಡೆ ಕಟ್ಟಲೂ ಬಳಸಬಹುದಿತ್ತು. ಕೀಲಿಮಣೆಯಲ್ಲಿ ಏಳು ಬಣ್ಣದ ದೀಪ. ನಾನು ತೆರೆದಿದ್ದು ಒಂದು ಸಾಧು ಪಿಡಿಎಫ್. ಹಿನ್ನೆಲೆಯಲ್ಲಿ ಗೆಳೆಯನ ಯಾವುದೋ ಆಟ ತನ್ನ ಪಾಡಿಗೆ ತಾನು ಅಪ್‌ಡೇಟ್ ಆಗುತ್ತಿದ್ದುದು ನನಗೆ ಗೊತ್ತಿರಲಿಲ್ಲ. ಫ್ಯಾನ್ ಮೊದಲು ಗೊಣಗಿತು, ಆಮೇಲೆ ಸೊಯ್ಯೆಂದಿತು, ಕೊನೆಗೆ ಹಿಟ್ಟಿನ ಗಿರಣಿಯ ಮಟ್ಟಕ್ಕೆ ಬಂತು.

ಗ್ರಂಥಪಾಲಕರು ತಲೆಯೆತ್ತಿ ಸೂರು ನೋಡಿದರು. ಎದ್ದು ಹೋಗಿ ಸೂರಿನ ಫ್ಯಾನ್ ಆರಿಸಿದರು. ಸದ್ದು ನಿಲ್ಲಲಿಲ್ಲ. ಪಕ್ಕದ ಫ್ಯಾನನ್ನೂ ಆರಿಸಿದರು. ನಲವತ್ತು ಜನ ಬೆವರುತ್ತ ಓದುತ್ತಿದ್ದರು, ನಾನೂ ಅವರಂತೆಯೇ ಸೂರು ನೋಡುತ್ತ ಕುಳಿತಿದ್ದೆ. ಮೂರನೆಯ ಸ್ವಿಚ್ಚಿಗೆ ಅವರು ಕೈಯಿಡುವ ಹೊತ್ತಿಗೆ ನನ್ನ ಮುಖದ ಮೇಲೆ ಏಳು ಬಣ್ಣ ಆಡುತ್ತಿದ್ದುದನ್ನು ಯಾರೋ ಗಮನಿಸಿದರು.

ಹೀಗೆ ಡೆಸ್ಕ್‌ಟಾಪ್ ನಿಶ್ಚಯವಾಯಿತು. ತರಗತಿಗೆ ಹಳೆಯ ಲ್ಯಾಪ್‌ಟಾಪ್ ಸಾಕು, ಅದರ ಫ್ಯಾನ್ ಕೆಟ್ಟು ಯುಗವಾಗಿದೆ. ಬಿಡಿಭಾಗ ತಂದು ನಾನೇ ಜೋಡಿಸಿದೆ. ಗುಂಡಿ ಒತ್ತಿದೆ, ಪರದೆ ಬೆಳಗಿತು. ಆ ಗಳಿಗೆಯ ಹೆಮ್ಮೆಯನ್ನು ಇಲ್ಲಿ ಬರೆಯಲು ಈಗ ಮನಸ್ಸಿಲ್ಲ.

ಆಟ ಮಾತ್ರ ಓಡಲಿಲ್ಲ. ತೆವಳಿತು. ನನ್ನ ವೀರ ಕತ್ತಿಯೆತ್ತಿದರೆ ಅದು ಇಳಿಯುವಷ್ಟರಲ್ಲಿ ಶತ್ರು ಬಂದು ಕೊಂದು ಹೋಗಿರುತ್ತಿದ್ದ. ಡ್ರೈವರ್ ಎಂಬ ತಂತ್ರಾಂಶ ತೆಗೆದು ಮತ್ತೆ ಹಾಕಿದೆ. ರ‍್ಯಾಮ್ ಪಟ್ಟಿಗಳ ಜಾಗ ಬದಲಿಸಿದೆ. ಪ್ರೊಸೆಸರ್ ಮೇಲಿನ, ಬಿಸಿ ಸಾಗಿಸುವ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದಾಗಿ ಬಳಿದೆ. ಮೂರು ತಿಂಗಳು ಇದೇ ಪಾಡು. ಗ್ರಾಫಿಕ್ಸ್ ಕಾರ್ಡ್ ಮೇಲೆ ಮಾತ್ರ ಒಂದಿಷ್ಟೂ ಅನುಮಾನ ಬರಲಿಲ್ಲ, ಏಕೆಂದರೆ ಅದರ ನಡತೆ ಅಷ್ಟು ಚೆನ್ನಾಗಿತ್ತು. ಎಷ್ಟು ಹೊತ್ತು ಆಡಿದರೂ ಬಿಸಿಯಾಗುತ್ತಿರಲಿಲ್ಲ. ಅದರ ಫ್ಯಾನ್ ತಿರುಗುವ ಪ್ರಸಂಗವೇ ಬರುತ್ತಿರಲಿಲ್ಲ. "ಗಾಳಿಯ ಹರಿವನ್ನು ಲೆಕ್ಕ ಹಾಕಿ ಜೋಡಿಸಿದರೆ ಹೀಗಿರುತ್ತದೆ" ಎಂದು ಗೆಳೆಯರನ್ನು ಕರೆದು ಮುಟ್ಟಿಸಿ ತೋರಿಸಿದೆ. ಅವರು ತಲೆದೂಗಿದರು. ಒಬ್ಬ ಟಿಪ್ಪಣಿ ಮಾಡಿಕೊಂಡ.

ಒಂದು ಭಾನುವಾರ ಸಂಜೆ ಆಟ ತೆರೆದರೆ ನೀರು ಹರಿದಂತೆ ಓಡಿತು. ಹುಲ್ಲಿನ ಎಸಳು ಎಸಳೂ ಅಲ್ಲಾಡುತ್ತಿತ್ತು. ಶತ್ರುವಿಗೆ ಮುಖವಿದೆ ಎಂಬುದು ನನಗೆ ತಿಳಿದಿದ್ದೇ ಅಂದು. ಹಿಂದಿನ ರಾತ್ರಿ ಬಳಿದ ಪೇಸ್ಟಿನ ಮಹಿಮೆ ಎಂದುಕೊಂಡು ಗೆಳೆಯರಿಗೆಲ್ಲ ಫೋನ್ ಮಾಡಿ, ಅಕ್ಕಿಕಾಳಿನಷ್ಟು ಸಾಕು, ಹೆಚ್ಚು ಬಳಿಯಬಾರದು ಎಂದು ವಿವರವಾಗಿ ಬೋಧಿಸಿದೆ. ಬೋಧಿಸುತ್ತಲೇ ಪೆಟ್ಟಿಗೆಯ ಹಿಂದೆ ಬಗ್ಗಿದೆ.

ಮಾನಿಟರಿನ ಕೇಬಲ್ ನಾನು ಸಿಕ್ಕಿಸಿದ ಜಾಗದಲ್ಲಿರಲಿಲ್ಲ. ನಾನು ಸಿಕ್ಕಿಸಿದ್ದು ಮೇಲೆ, ಮದರ್‌ಬೋರ್ಡ್ ಎಂಬ ಮೂಲ ಹಲಗೆಯ ಕಿಂಡಿಗೆ. ಈಗ ಅದು ಒಂದು ಗೇಣು ಕೆಳಗೆ, ಗ್ರಾಫಿಕ್ಸ್ ಕಾರ್ಡಿನ ಕಿಂಡಿಯಲ್ಲಿತ್ತು. ಇಷ್ಟು ದಿನ ಪ್ರೊಸೆಸರ್ ಒಳಗಿನ ಪುಟ್ಟ ಗ್ರಾಫಿಕ್ಸ್ ಒಂದೇ ಬಡಪಾಯಿಯಂತೆ ಇಡೀ ಯುದ್ಧವನ್ನು ಹೊತ್ತಿತ್ತು. ದೊಡ್ಡ ಕಾರ್ಡ್ ಅದರ ಪಕ್ಕದಲ್ಲೇ ತಣ್ಣಗೆ ಮಲಗಿತ್ತು. ಫೋನಿನಲ್ಲಿ ಗೆಳೆಯ "ಆಮೇಲೆ?" ಎಂದು ಕೇಳುತ್ತಲೇ ಇದ್ದ. ನಾನು ಸಿಗ್ನಲ್ ಸರಿಯಿಲ್ಲವೆಂದು ಇಟ್ಟುಬಿಟ್ಟೆ.

ಊಟದ ಹೊತ್ತಿಗೆ ಅಪ್ಪ ಸ್ವಲ್ಪ ಸಂಕೋಚದಿಂದಲೇ ಮಾತು ತೆಗೆದರು. "ಬೆಳಿಗ್ಗೆ ನಿನ್ನ ಮೇಜಿನ ಹಿಂದೆ ಧೂಳು ಹೊಡೆದೆ. ವೈರುಗಳೆಲ್ಲ ಕಳಚಿಕೊಂಡವು. ತಿಳಿದ ಹಾಗೆ ಮತ್ತೆ ಸಿಕ್ಕಿಸಿದ್ದೇನೆ. ಎಲ್ಲಾದರೂ ತಪ್ಪು ಜಾಗಕ್ಕೆ ಹಾಕಿದ್ದರೆ ನೋಡಿಕೋ."

"ಒಂದು ತಪ್ಪಿತ್ತು" ಎಂದೆ. "ಪರವಾಗಿಲ್ಲ ಅಪ್ಪ, ಅಲ್ಲೇ ಇರಲಿ ಬಿಡಿ."