ಎರಡನೇ ಸೌಟು ಸಾಂಬಾರ್‌ಗೆ ಹತ್ತು ರೂಪಾಯಿಯಂತೆ!

ಇಡ್ಲಿಗೆ ಇನ್ನೊಂದು ಸೌಟು ಸಾಂಬಾರ್ ಹಾಕಿ ಅಂದರೆ ಹತ್ತು ರೂಪಾಯಿ ಕೊಟ್ಟು ಟೋಕನ್ ತಗೊಂಡು ಬಾ ಅಂತಾರೆ. ನಮ್ಮ ಕಾಲೇಜಿನ ಹತ್ತಿರದ ದರ್ಶಿನಿಯ ಕಥೆ ಇದು. ಹೋಟೆಲಿಗೆ ಹೋದರೆ ಸಾಂಬಾರ್, ಚಟ್ನಿ ಕೇಳಿದಷ್ಟು ಹಾಕೋದನ್ನು ನೋಡಿಕೊಂಡೇ ಬೆಳೆದವಳು ನಾನು. ಅದಕ್ಕೂ ರೇಟು ಇರುತ್ತೆ ಅಂತ ಬೆಂಗಳೂರಿಗೆ ಬಂದ ಮೇಲೇ ಗೊತ್ತಾಗಿದ್ದು. ಸರಿ, ರೇಟು ಇದೆ ಅಂದರೆ ಬೋರ್ಡಿನಲ್ಲಾದರೂ ಬರೆದಿರಬೇಕು ಅಲ್ವಾ? ಬರೆದಿಲ್ಲ. ತಟ್ಟೆ ಹಿಡ್ಕೊಂಡು ಕೌಂಟರಿಗೆ ವಾಪಸ್ ಹೋದಾಗಷ್ಟೇ ಹೇಳ್ತಾರೆ. ಇಡ್ಲಿ ಅರ್ಧ ತಿಂದಾಗಿರುತ್ತೆ, ಹಿಂದೆ ಜನ ನಿಂತಿರ್ತಾರೆ, ಇನ್ನೇನು ವಾದ ಮಾಡೋದು? ಒಂದೋ ದುಡ್ಡು ಕೊಡಬೇಕು, ಇಲ್ಲ ಒಣ ಇಡ್ಲಿ ನುಂಗಬೇಕು.

ಹತ್ತು ರೂಪಾಯಿಗೆ ಇಷ್ಟು ರಂಪ ಯಾಕೆ ಅಂತ ಕೇಳೋರು ಇರ್ತಾರೆ. ಪಿಜಿಯಲ್ಲಿ ಇದ್ದು ಓದಿದವರು ಹಾಗೆ ಕೇಳಲ್ಲ. ನಮ್ಮ ಪಿಜಿಯಲ್ಲಿ ತಿಂಡಿ ಬರೋದು ಎಂಟೂವರೆಗೆ. ನಮ್ಮ ಮೊದಲ ಕ್ಲಾಸ್ ಎಂಟಕ್ಕೆ. ಸಂಜೆ ಲ್ಯಾಬ್ ಮುಗಿಸಿ ಬರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತಿರುತ್ತೆ, ರಾತ್ರಿ ಊಟಕ್ಕೆ ಇನ್ನೂ ಮೂರು ಗಂಟೆ ಇರುತ್ತೆ. ಹೊರಗೆ ತಿನ್ನೋದು ನಮಗೆ ಶೋಕಿ ಅಲ್ಲ. ಅದೇ ನಮ್ಮ ಊಟ. ಅಪ್ಪ ತಿಂಗಳಿಗೆ ಕಳಿಸೋ ದುಡ್ಡಲ್ಲಿ ಪಿಜಿ ಬಾಡಿಗೆ, ಬಸ್ಸು, ಜೆರಾಕ್ಸ್ ಎಲ್ಲ ಕಳೆದು ಉಳಿದಿದ್ದರಲ್ಲಿ ಇದು ನಡೀಬೇಕು.

ದರ್ಶಿನಿ ಅನ್ನೋದು ಬಂದಿದ್ದೇ ನಮ್ಮಂಥವರಿಗೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ಪದ್ಧತಿ ಇದು. ಮೊದಲು ದುಡ್ಡು ಕೊಟ್ಟು ಟೋಕನ್ ತಗೋ, ಕೌಂಟರಿನಲ್ಲಿ ತಟ್ಟೆ ತಗೋ, ನಿಂತುಕೊಂಡು ತಿನ್ನು, ತಟ್ಟೆಯನ್ನು ನೀನೇ ಇಟ್ಟು ಹೋಗು. ಸಪ್ಲೈಯರ್ ಇಲ್ಲ, ಕುರ್ಚಿ ಇಲ್ಲ, ದೊಡ್ಡ ಜಾಗ ಬೇಡ. ಅದಕ್ಕೇ ರೇಟು ಕಮ್ಮಿ. ಈಗ ನೋಡಿ, ರೇಟು ಮಾತ್ರ ಕೂತು ತಿನ್ನೋ ಹೋಟೆಲಿನದ್ದು. ನಿಲ್ಲೋದು ನಾವೇ, ತಟ್ಟೆ ಹೊರೋದು ನಾವೇ. ಬ್ಯಾಗ್ ಒಂದು ಭುಜದಲ್ಲಿ, ಒಂದು ಕೈಯಲ್ಲಿ ಬಿಸಿ ಕಾಫಿ, ಇನ್ನೊಂದರಲ್ಲಿ ತಟ್ಟೆ. ಇಡೋಕೆ ಜಾಗ ಹುಡುಕುವಷ್ಟರಲ್ಲಿ ಚಟ್ನಿ ಹರಿದು ಕೇಸರಿಬಾತ್‌ಗೆ ಸೇರಿರುತ್ತೆ. ಟೇಬಲ್ ಒರೆಸೋ ಹುಡುಗ ತಿಂತಾ ಇರುವಾಗಲೇ ಪಕ್ಕದಲ್ಲಿ ಬಂದು ಒದ್ದೆ ಬಟ್ಟೆ ಎಳೀತಾನೆ. ಅವನ ತಪ್ಪಲ್ಲ ಅದು, ಬೇಗ ಖಾಲಿ ಮಾಡಿಸು ಅಂತ ಮಾಲೀಕ ಹೇಳಿರ್ತಾನೆ.

ಖರ್ಚು ಏರಿದೆ ಅಂತಾರೆ. ಏರಿದೆ, ನನಗೂ ಗೊತ್ತು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ ಆಯ್ತು. ಕಾಫಿ ಪುಡಿ ರೇಟೂ ಏರಿತು. ಆದರೆ ಲೆಕ್ಕ ಹಾಕಿ. ಒಂದು ಲೋಟ ಟೀಗೆ 100 ಎಂಎಲ್ ಹಾಲು ಹಾಕ್ತಾರೆ ಅಂತಲೇ ಇಟ್ಟುಕೊಳ್ಳೋಣ. 4 ರೂಪಾಯಿ ಏರಿದ್ದಕ್ಕೆ ಲೋಟಕ್ಕೆ ಬೀಳೋದು 40 ಪೈಸೆ. ಏರಿಸಿದ್ದು 3 ರೂಪಾಯಿ! ಕಾಫಿ ಪುಡಿ ಅಂತ ನೆಪ ಹೇಳಿದಿರಿ, ಒಪ್ಪಿದೆ. ಟೀ ಯಾಕೆ ಏರಿತು? ಬಾದಾಮಿ ಹಾಲು ಯಾಕೆ ಏರಿತು? ಇಷ್ಟು ಸಾಲದು ಅಂತ ಲೋಟವನ್ನೂ ಚಿಕ್ಕದು ಮಾಡಿದರು. ಅದರಲ್ಲೂ ಮೇಲಿನ ಎರಡು ಬೆರಳು ಬರೀ ನೊರೆ. ರೇಟು ಏರಿಸೋದು ಒಂದು, ಅಳತೆ ಕಮ್ಮಿ ಮಾಡೋದು ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡೋಕೆ ನಾಚಿಕೆ ಆಗಬೇಕು.

ಪಾರ್ಸೆಲ್ ಅಂದರೆ ಇನ್ನೊಂದು ಹಿಂಸೆ. ಪಾರ್ಸೆಲ್ ಚಾರ್ಜ್ ಬೇರೆ ತಗೋತಾರೆ. ಕೊಡೋದು ಏನು? ತೆಳ್ಳನೆ ಪ್ಲಾಸ್ಟಿಕ್ ಕವರಿಗೆ ಕುದಿಯೋ ಸಾಂಬಾರ್ ಸುರಿದು ಗಂಟು ಹಾಕಿ ಕೊಡ್ತಾರೆ. ಕವರ್ ಮೆತ್ತಗಾಗಿ ಕೈಯಲ್ಲೇ ಹಿಗ್ಗುತ್ತೆ. ಪಿಜಿಗೆ ಬಂದು ಬಿಚ್ಚಿದರೆ ಸಾಂಬಾರ್‌ಗಿಂತ ಮೊದಲು ಪ್ಲಾಸ್ಟಿಕ್ ವಾಸನೆ ಬರುತ್ತೆ. 2025ರ ಫೆಬ್ರವರಿಯಲ್ಲಿ ಆರೋಗ್ಯ ಇಲಾಖೆಯವರು ರಾಜ್ಯದಲ್ಲಿ ಸುಮಾರು 250 ಹೋಟೆಲ್‌ಗಳಲ್ಲಿ ಇಡ್ಲಿ ತಪಾಸಣೆ ಮಾಡಿದರು. 52 ಕಡೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದರು. ಬಟ್ಟೆ ಒಗೆಯೋ ಕೆಲಸ ಉಳಿಸೋಕೆ ನಮ್ಮ ಹೊಟ್ಟೆಗೆ ಪ್ಲಾಸ್ಟಿಕ್! ಹುಷಾರಿಲ್ಲದವರಿಗೂ ಚಿಕ್ಕ ಮಕ್ಕಳಿಗೂ ಕೊಡೋ ತಿಂಡಿ ಇಡ್ಲಿ. ಅದರಲ್ಲೂ ಹೀಗೆ ಮಾಡಿದರೆ ಇನ್ನು ಏನನ್ನು ನಂಬಿ ತಿನ್ನೋದು?

ಗೋಬಿ ವಿಷಯಕ್ಕೆ ಬಂದರೆ ನನಗೆ ನಿಜವಾಗಲೂ ರಕ್ತ ಕುದಿಯುತ್ತೆ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿತು. ಅದಕ್ಕೂ ಮೊದಲು ಗೋಬಿಯ 171 ಸ್ಯಾಂಪಲ್ ತಂದು ಪರೀಕ್ಷೆ ಮಾಡಿಸಿದ್ದರು. 107ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯಿಯಲ್ಲಂತೂ ರೋಡಮೈನ್ ಬಿ ಸಿಕ್ಕಿತ್ತು, ಬಟ್ಟೆಗೆ ಹಾಕೋ ಬಣ್ಣ ಅದು. ಜೈಲು, 10 ಲಕ್ಷದವರೆಗೆ ದಂಡ ಅಂತೆಲ್ಲ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು. ಒಂದಷ್ಟು ದಿನ ನಮ್ಮ ರಸ್ತೆಯ ಗೋಬಿ ಕಂದು ಬಣ್ಣಕ್ಕೆ ಬಂತು. ಆಮೇಲೆ ಮತ್ತೆ ಕೆಂಪು. ಎಂಥ ಕೆಂಪು ಅಂದರೆ ತಿಂದು ಸೋಪ್ ಹಾಕಿ ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಮರುದಿನದವರೆಗೆ ಉಳಿಯುತ್ತೆ. ಮೆಣಸಿನ ಪುಡಿ ಬಣ್ಣ ಹಾಗೆ ಉಳಿಯುತ್ತಾ? ಮನೆಯಲ್ಲಿ ಅಡುಗೆ ಮಾಡೋ ಯಾರನ್ನು ಬೇಕಾದರೂ ಕೇಳಿ.

ಒಂದು ದಿನ ಕೇಳಿಯೇ ಬಿಟ್ಟೆ. "ಅಣ್ಣ, ಇದಕ್ಕೆ ಕಲರ್ ಹಾಕಿದ್ದೀರಾ?"

"ಬೇಕಾದ್ರೆ ತಿನ್ನಮ್ಮ, ಇಲ್ಲಾಂದ್ರೆ ಬಿಡು. ಹಿಂದೆ ಜನ ಇದ್ದಾರೆ."

ಅಷ್ಟೇ ಉತ್ತರ. ಹಾಕಿಲ್ಲ ಅಂತ ಸುಳ್ಳು ಹೇಳೋ ತೊಂದರೆಯನ್ನೂ ತಗೊಳ್ಳಲಿಲ್ಲ. ಅಲ್ಲೇ ಬಾಣಲೆ ನೋಡಿದೆ. ಎಣ್ಣೆ ಕಪ್ಪಗೆ ಟಾರಿನ ಹಾಗೆ, ಅಂಚಿನಲ್ಲಿ ಸುಟ್ಟ ಹಿಟ್ಟಿನ ಚೂರು ತೇಲ್ತಾ ಇತ್ತು. ಅದರ ಮೇಲೇ ಹೊಸ ಎಣ್ಣೆ ಸುರಿದು ಮತ್ತೆ ಗೋಬಿ ಬಿಟ್ಟ. ಕರಿದ ಎಣ್ಣೆಗೂ ಮಿತಿ ಇದೆ. ಟೋಟಲ್ ಪೋಲಾರ್ ಕಾಂಪೌಂಡ್ಸ್ ಶೇ 25 ದಾಟಿದರೆ ಆ ಎಣ್ಣೆ ಬಳಸಬಾರದು ಅಂತ 2018ರ ಜುಲೈಯಿಂದ ದೇಶಕ್ಕೆಲ್ಲ ನಿಯಮ. ಬಿಸಿ ಮಾಡಿ ಮಾಡಿ ಎಣ್ಣೆ ಕೆಟ್ಟಿದ್ದನ್ನು ಅಳೆಯೋ ರೀತಿ ಅದು. ನಮ್ಮ ರಸ್ತೆಯಲ್ಲಿ ಅದನ್ನು ಅಳೆಯೋಕೆ ಯಾರಾದರೂ ಬಂದಿದ್ದನ್ನು ನಾನಂತೂ ನೋಡಿಲ್ಲ. ಪಕ್ಕದ ಗಾಡಿಯಲ್ಲಿ ಬಜ್ಜಿಯನ್ನು ಇನ್ನೂ ಪೇಪರಿನಲ್ಲೇ ಸುತ್ತಿ ಕೊಡ್ತಾರೆ. ಎಣ್ಣೆ ಹೀರಿದ ಪೇಪರಿನ ಅಕ್ಷರ ಬಜ್ಜಿ ಮೇಲೆ ಮೂಡಿರುತ್ತೆ. ಪೇಪರಿನ ಇಂಕ್ ಆಹಾರಕ್ಕೆ ಸೇರಬಾರದು ಅಂತ ಅದಕ್ಕೂ ನಿಷೇಧ ಇದೆ. ನಿಯಮಗಳಿಗೆ ಏನೂ ಕಮ್ಮಿ ಇಲ್ಲ ನಮ್ಮಲ್ಲಿ.

ನನ್ನ ರೂಮ್‌ಮೇಟ್ ಕಳೆದ ಸೆಮ್‌ನಲ್ಲಿ ಪಾನಿಪುರಿ ತಿಂದ ರಾತ್ರಿಯೇ ವಾಂತಿ ಶುರುವಾಗಿ ಡ್ರಿಪ್ಸ್ ಹಾಕಿಸಿಕೊಂಡಳು. ಫುಡ್ ಪಾಯ್ಸನ್ ಅಂದರು ಡಾಕ್ಟರ್. ಇಂಟರ್ನಲ್ಸ್ ಪರೀಕ್ಷೆ ತಪ್ಪಿತು. ಮನೆಯವರು ಬೈದಿದ್ದು ಅವಳನ್ನೇ. "ಸಿಕ್ಕಸಿಕ್ಕಲ್ಲಿ ಯಾಕೆ ತಿಂತೀಯ?" ಇದೊಂದು ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತೆ. ತಿಂದವಳದ್ದೇ ತಪ್ಪಾ? ಕೆಟ್ಟ ನೀರಲ್ಲಿ ಪಾನಿ ಮಾಡಿ ಮಾರಿದವನದ್ದು ಏನೂ ಇಲ್ವಾ? ಕೈಯಲ್ಲಿ ಮೂವತ್ತು ರೂಪಾಯಿ ಇಟ್ಟುಕೊಂಡವಳು ಎಲ್ಲಿ ತಿನ್ನಬೇಕಿತ್ತು?

ಇನ್ನು ನನ್ನ ಊರಿನ ಹೆಸರಲ್ಲಿ ನಡೆಯೋ ಮೋಸ. ನಾನು ದಾವಣಗೆರೆಯವಳು. ಬೆಂಗಳೂರಿನಲ್ಲಿ ಬೀದಿಗೊಂದು 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡ್ ಇದೆ. ಬಂದ ಹೊಸದರಲ್ಲಿ ಊರು ನೆನಪಾಗಿ ಆಸೆಯಿಂದ ಹೋದೆ. ತಟ್ಟೆಯಲ್ಲಿ ದೋಸೆ, ಪಕ್ಕದಲ್ಲಿ ಸಾಂಬಾರ್ ಬಟ್ಟಲು. ಅಲ್ಲೇ ಗೊತ್ತಾಯ್ತು. ನಮ್ಮೂರಿನಲ್ಲಿ ಬೆಣ್ಣೆ ದೋಸೆಗೆ ಸಾಂಬಾರ್ ಕೊಡಲ್ಲ. ತೆಂಗಿನಕಾಯಿ ಚಟ್ನಿ, ಮೆತ್ತಗೆ ಹಿಸುಕಿದ ಆಲೂಗಡ್ಡೆ ಪಲ್ಯ, ಅಷ್ಟೇ. ಹಿಟ್ಟಿಗೆ ಮಂಡಕ್ಕಿ ಸೇರಿಸಿ ರುಬ್ಬುತ್ತಾರೆ, ಅದಕ್ಕೇ ದೋಸೆ ಅಂಚಿನಲ್ಲಿ ಗರಿಗರಿ, ಒಳಗೆ ಮೆತ್ತಗೆ. ಮೇಲೆ ಬೆಣ್ಣೆ ಇಟ್ಟರೆ ತಟ್ಟೆ ನಿಮ್ಮ ಕೈಗೆ ಬರುವಷ್ಟರಲ್ಲಿ ಕರಗಿ ಹರೀತಾ ಇರುತ್ತೆ. ಇಲ್ಲಿ ಹಂಚಿನ ಪಕ್ಕದಲ್ಲಿ ಒಂದು ದೊಡ್ಡ ಡಬ್ಬಿ ಇತ್ತು, ಅದರಿಂದ ಚಮಚದಲ್ಲಿ ಹಳದಿ ಮುದ್ದೆ ತೆಗೆದು ಹಾಕಿದರು. ಡಬ್ಬಿ ಮೇಲೆ ಬೆಣ್ಣೆ ಅಂತ ಇರಲಿಲ್ಲ. ಫ್ಯಾಟ್ ಸ್ಪ್ರೆಡ್ ಅಂತ ಇತ್ತು, ಬೆಣ್ಣೆ ಬದಲು ಸವರೋ ಜಿಡ್ಡು ಅದು. ತಿಂದರೆ ನಾಲಿಗೆಗೆ ಮೇಣ ಅಂಟಿದ ಹಾಗೆ. ಕೇಳಿದರೆ "ಎಲ್ಲ ಒಂದೇನಮ್ಮ" ಅಂದರು. ಒಂದೇ ಹೇಗಾಗುತ್ತೆ? ಬೆಣ್ಣೆಗೆ ಇರೋ ರೇಟು ಅದಕ್ಕೆ ಇದೆಯಾ? ಬೋರ್ಡಿನಲ್ಲಿ ಬೆಣ್ಣೆ ಅಂತ ಬರೆದು, ಬೆಣ್ಣೆ ರೇಟೇ ತಗೊಂಡು, ಡಬ್ಬಿಯಲ್ಲಿದ್ದಿದ್ದನ್ನು ಸವರಿ ಕೊಟ್ಟರೆ ಅದು ಮೋಸವೇ. ನನ್ನ ಜತೆ ಬಂದಿದ್ದ ಮಂಗಳೂರಿನ ಗೆಳತಿ "ಇದೇನಾ ನಿಮ್ಮ ಊರಿನ ದೋಸೆ?" ಅಂದಳು. ದುಡ್ಡು ಹೋಗಿದ್ದಕ್ಕಿಂತ ಆ ಮಾತು ಜಾಸ್ತಿ ಚುಚ್ಚಿತು. ಅವಳ ಪಾಲಿಗೆ ದಾವಣಗೆರೆ ದೋಸೆ ಅಂದರೆ ಇನ್ನು ಅದೇ.

ಸಂಜೆ ಖಾರ ಬನ್, ಪಫ್ಸ್ ತಿನ್ನೋ ಬೇಕರಿಗಳ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಎಷ್ಟೋ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಬಂತು. ಹೆದರಿ 'ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದರು. ಅವರ ಭಯ ಅರ್ಥ ಆಗುತ್ತೆ. ನಮ್ಮ ಹತ್ತಿರ ಕ್ಯಾಶ್ ಇರಲ್ಲ, ಇದ್ದರೂ ಚಿಲ್ಲರೆ ಇಲ್ಲ ಅಂತ ಚಾಕೊಲೇಟ್ ಕೊಡ್ತಿದ್ದರು. ಆದರೂ ನಮ್ಮ ಬೀದಿಯ ಹಾಸನದ ಅಂಕಲ್ "ನಾಳೆ ಕೊಡಮ್ಮ, ಮೊದಲು ತಿನ್ನು" ಅಂತ ಕೊಟ್ಟು ಕಳಿಸ್ತಿದ್ದರು. ಅವರಿಗೂ ಬಾಡಿಗೆ ಇದೆ, ಅವರಿಗೂ ಮೈದಾ ರೇಟು ಏರಿದೆ. ಹಾಗಾದರೆ ಮನುಷ್ಯರ ಹಾಗೆ ವ್ಯಾಪಾರ ಮಾಡೋಕೆ ಆಗುತ್ತೆ ಅಂತಾಯ್ತಲ್ಲ.

ದೊಡ್ಡ ಕೆಫೆಗಳು ಇನ್ನೊಂದು ಬಗೆ. ಗೆಳತಿಯ ಬರ್ತ್‌ಡೇ ಅಂತ ಎಲ್ಲರೂ ದುಡ್ಡು ಹಾಕಿ ಹೋದೆವು. ನೀರು ಕೇಳಿದರೆ ಬಾಟಲಿ ತಂದಿಟ್ಟರು. ಸಾದಾ ನೀರು ಕೊಡಿ ಅಂದರೆ ಮೇಲಿಂದ ಕೆಳಗೆ ನೋಡಿದರು. ಕೊನೆಗೆ ಬಿಲ್ಲಿನಲ್ಲಿ ಶೇ 10 ಸರ್ವಿಸ್ ಚಾರ್ಜ್. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿಯೇ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಹೇಳಿದೆ. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತೇ ಸರಿ ಅಂತು. ಇದನ್ನು ಹೇಳಿ ತೆಗೀರಿ ಅಂದೆ. ಮ್ಯಾನೇಜರ್ ಬಂದು "ಸ್ಟೂಡೆಂಟ್ಸಾ?" ಅಂತ ಕೇಳಿದರು. ಸ್ಟೂಡೆಂಟ್ಸ್ ಆದರೆ ಏನೀಗ? ಕಾನೂನು ನಮಗೆ ಬೇರೆ ಇದೆಯಾ? ತೆಗೆದರು, ಆದರೆ ಅರ್ಧ ಗಂಟೆ ನಿಲ್ಲಿಸಿ ತೆಗೆದರು. ಪಕ್ಕದ ಟೇಬಲಿನವರು ಏನೂ ಕೇಳದೆ ಕಟ್ಟಿ ಹೋದರು.

ಇದೇ ನನಗೆ ಸಹಿಸೋಕೆ ಆಗದೇ ಇರೋದು. ಗಾಡಿಯಾಗಲಿ, ದರ್ಶಿನಿಯಾಗಲಿ, ಎಸಿ ಕೆಫೆಯಾಗಲಿ, ಸಣ್ಣ ಬಿಲ್ಲಿನ ಗಿರಾಕಿಯನ್ನು ನೋಡೋ ರೀತಿ ಒಂದೇ. ಆಫೀಸ್ ಐಡಿ ಕಾರ್ಡ್ ಹಾಕಿಕೊಂಡು ಬಂದವರಿಗೆ "ಹೇಳಿ ಸಾರ್". ಕಾಲೇಜ್ ಐಡಿ ನೋಡಿದರೆ "ಏನ್ ಬೇಕು, ಬೇಗ ಹೇಳು". ಬೆಳಿಗ್ಗೆ, ಸಂಜೆ, ವರ್ಷಪೂರ್ತಿ ಬಂದು ತಿನ್ನೋರು ನಾವು. ಕಾಲೇಜಿಗೆ ರಜೆ ಬಿಟ್ಟ ವಾರ ಆ ರಸ್ತೆ ನೋಡಿ, ಅರ್ಧ ಗಾಡಿಗಳು ಬರೋದೇ ಇಲ್ಲ. ನಮ್ಮಿಂದಲೇ ವ್ಯಾಪಾರ, ನಮಗೇ ಕಸದ ಮರ್ಯಾದೆ. ಇಂದಿರಾ ಕ್ಯಾಂಟೀನಿನಲ್ಲಿ 2017ರಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರು. ನಮ್ಮ ಕಾಲೇಜಿನ ಹತ್ತಿರ ಒಂದಿದ್ದರೆ ಈ ದರ್ಶಿನಿ ಕಡೆ ತಲೆ ಹಾಕಿಯೂ ಮಲಗ್ತಿರಲಿಲ್ಲ.

ಫುಡ್ ಸೇಫ್ಟಿ ಕನೆಕ್ಟ್ ಅಂತ ಆ್ಯಪ್ ಇದೆ, ಗ್ರಾಹಕರ ಸಹಾಯವಾಣಿ 1915 ಇದೆ. ಗೋಬಿ ಗಾಡಿಯ ಎಣ್ಣೆ ಫೋಟೊ ಹಾಕಿ ದೂರು ಕೊಟ್ಟಿದ್ದೀನಿ. 2022ರ ಜನವರಿಯಿಂದ ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡೋ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಲೇಬೇಕು ಅಂತ ನಿಯಮ ಇದೆ. ದರ್ಶಿನಿಯಲ್ಲಿ ಈಗ ಪ್ರತಿ ಸಲ ಬಿಲ್ ಕೇಳ್ತೀನಿ. ಟೋಕನ್ನೇ ಬಿಲ್ ಅಂತಾರೆ. ಅದರಲ್ಲಿ ನಂಬರ್ ಎಲ್ಲಿ ಅಂತ ಕೇಳ್ತೀನಿ. ಕ್ಯಾಷಿಯರ್‌ಗೆ ನನ್ನ ಮುಖ ಕಂಡರೆ ಈಗ ಆಗಲ್ಲ, ಆಗದಿದ್ದರೆ ಬೇಡ. ನಾಳೆ ನಮ್ಮ ಕ್ಲಾಸಿನವರೆಲ್ಲ ಒಟ್ಟಿಗೆ ಹೋಗಿ ಮಾಲೀಕರ ಹತ್ತಿರವೇ ಮಾತಾಡ್ತೀವಿ. ಸಾಂಬಾರ್‌ಗೆ ದುಡ್ಡು ತಗೊಳ್ಳೋದೇ ಆದರೆ ಬೋರ್ಡಿನಲ್ಲಿ ಬರೀಲಿ, ಇಲ್ಲಾಂದ್ರೆ ತಗೊಳ್ಳೋದು ನಿಲ್ಲಿಸಲಿ.