ಸುತ್ತೋಲೆಗಳ ಸುಗ್ಗಿ

ಮೇಲಿನವರು ಗೊಂದಲವಿಲ್ಲದಂತೆ ಹೇಳಿದರೆ ಕೆಳಗಿನವರು ಅಮೋಘವಾಗಿ ದುಡಿಯುತ್ತಾರೆ ಎಂದು ನಾಯಕತ್ವದ ತರಬೇತಿಗಳಲ್ಲಿ ಬೋಧಿಸುತ್ತಾರೆ. ಪಾಪ, ಬೋಧಿಸುವವರು ನೋಟು ರದ್ದತಿಯ ಕಾಲದಲ್ಲಿ ಬ್ಯಾಂಕ್ ಕೌಂಟರಿನ ಹಿಂದೆ ಕುಳಿತವರಲ್ಲ.

2016ರ ನವೆಂಬರ್ 8ರ ರಾತ್ರಿಯ ಭಾಷಣದ ನಂತರ ಗುಮಾಸ್ತರಿಗೆ ಸ್ಪಷ್ಟತೆಯ ಬರವೇ ಬರಲಿಲ್ಲ. ನೋಟು ಬದಲಾವಣೆಯ ಮಿತಿ ಮೊದಲು 4,000 ರೂಪಾಯಿ, ಆಮೇಲೆ 4,500, ಅದು ಬಾಯಿಪಾಠವಾಗುವಷ್ಟರಲ್ಲಿ 2,000. ನವೆಂಬರ್ 24 ದಾಟಿದ ಮೇಲೆ ಬ್ಯಾಂಕಿನಲ್ಲಿ ಬದಲಾವಣೆಯೇ ಇಲ್ಲ. ನಡುವೆ ಬೆರಳಿಗೆ ಮೈಸೂರಿನ ಶಾಯಿ ಬಳಿಯಿರಿ ಎಂಬ ಆಜ್ಞೆ ಬಂತು. ಉಪಚುನಾವಣೆಗಳಿವೆ, ಬೆರಳು ನಮಗೆ ಬೇಕು ಎಂದು ಚುನಾವಣಾ ಆಯೋಗ ಆಕ್ಷೇಪಿಸಿತು.

ಮದುವೆಯ ಸುತ್ತೋಲೆಯಂತೂ ಚಿನ್ನದ ಚೌಕಟ್ಟಿನಲ್ಲಿ ಇಡತಕ್ಕದ್ದು. ಲಗ್ನಪತ್ರಿಕೆ ತೋರಿಸಿದರೆ ಸ್ವಂತ ಖಾತೆಯಿಂದಲೇ ಎರಡೂವರೆ ಲಕ್ಷ ತೆಗೆಯಬಹುದು. ಆದರೆ ಹಣ ಯಾರಿಗೆ ಕೊಡುತ್ತೀರೋ ಅವರು ತಮಗೆ ಬ್ಯಾಂಕ್ ಖಾತೆ ಇಲ್ಲವೆಂದು ಬರೆದುಕೊಡಬೇಕು. ಮುಹೂರ್ತ ನಾಲ್ಕು ದಿನವಿರುವಾಗ ಕನ್ಯಾಪಿತೃ ವಾಲಗದವರ, ಅಡುಗೆ ಭಟ್ಟರ, ಹೂವಿನವರ ಬಳಿ ಹೋಗಿ, ‘ಸ್ವಾಮಿ, ನಿಮಗೆ ಖಾತೆ ಇಲ್ಲ ತಾನೆ?’ ಎಂದು ಕೈಮುಗಿಯುವುದನ್ನು ಊಹಿಸಿಕೊಳ್ಳಿ. ಜನಧನದ ಹೆಸರಿನಲ್ಲಿ ಮನೆಮನೆಗೆ ಖಾತೆ ತೆರೆಸಿದ ಸರ್ಕಾರವೂ ಇದೇ! ಮರುದಿನ ತಿದ್ದುಪಡಿ ಬಂತು: ಹತ್ತು ಸಾವಿರದೊಳಗಿನ ಪಾವತಿಗೆ ಈ ಪತ್ರ ಬೇಡ. ವಾಲಗದವರು ಪಾರಾದರು, ಭಟ್ಟರ ಪಾಡು ಭಟ್ಟರಿಗೆ.

ಡಿಸೆಂಬರ್ 19ಕ್ಕೆ ರಿಸರ್ವ್ ಬ್ಯಾಂಕಿನ ಮತ್ತೊಂದು ಫರ್ಮಾನು: ಹಳೆಯ ನೋಟುಗಳಲ್ಲಿ 5,000 ರೂಪಾಯಿಗಿಂತ ಹೆಚ್ಚು ತುಂಬುವುದಿದ್ದರೆ ಒಂದೇ ಬಾರಿ, ಅದೂ ಇಷ್ಟು ದಿನ ಏಕೆ ತುಂಬಲಿಲ್ಲವೆಂದು ಕನಿಷ್ಠ ಇಬ್ಬರು ಅಧಿಕಾರಿಗಳು ವಿಚಾರಿಸಿ ದಾಖಲಿಸಬೇಕು. ಹಳ್ಳಿಯ ಎಷ್ಟೋ ಶಾಖೆಗಳಲ್ಲಿ ಇರುವ ಅಧಿಕಾರಿಯೇ ಒಬ್ಬರು. ಎರಡನೆಯವರನ್ನು ಸಂತೆಯಿಂದ ಕರೆತರಬೇಕಿತ್ತೇನೋ. ಅತ್ತ ಹಣಕಾಸು ಸಚಿವ ಅರುಣ್ ಜೇಟ್ಲಿಯವರು, ಒಂದೇ ಬಾರಿಗೆ ಕಟ್ಟಿದರೆ ಯಾರೂ ಏನೂ ಕೇಳುವುದಿಲ್ಲ ಎಂದರು. ಕೇಳಬೇಕೋ ಬಾರದೋ ಎಂದು ಗುಮಾಸ್ತರು ತಲೆ ಕೆರೆದುಕೊಳ್ಳುತ್ತಿರುವಾಗಲೇ, 21ರಂದು ಕೆವೈಸಿ ಸರಿಯಿರುವ ಖಾತೆಗಳ ಮಟ್ಟಿಗೆ ಆಜ್ಞೆ ವಾಪಸಾಯಿತು.

ಆ ಎರಡು ದಿನ ಸರದಿಯಲ್ಲಿ ಸಿಕ್ಕಿಬಿದ್ದವರಿಗೆ ಮಾತ್ರ ತಡಕ್ಕೆ ಕಾರಣ ಹುಡುಕುವ ಕಷ್ಟವಿರಲಿಲ್ಲ. ಡಿಸೆಂಬರ್ 30ರವರೆಗೆ ಸಮಯವಿದೆ, ಗಾಬರಿ ಬೇಡ ಎಂದು ಟಿವಿಯಲ್ಲಿ ಹೇಳಿದ್ದು ಸಾಕ್ಷಾತ್ ಪ್ರಧಾನಿಯವರೇ. ಅದನ್ನು ಇಬ್ಬರು ಅಧಿಕಾರಿಗಳ ಮುಂದೆ ಬರೆದುಕೊಟ್ಟರಾಯಿತು.