ಅಂಬಲಿ ಬಾಟ್ಲಿಯ ಮೇಲೆ ನಿಂತ ನೀರು

ಹೋದ ಬೇಸಿಗೆಯಲ್ಲಿ ಕಾರಟಗಿಯ ಒಬ್ಬ ಅಂಗಡಿಯವರು ನನ್ನ ಎರಡು ಟ್ರೇ ಬಾಟ್ಲಿ ವಾಪಸ್ ಕಳಿಸಿದರು. ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ನೋಡ್ರಿ ಅಕ್ಕಾರ, ಒಡದೈತಿ. ಇದನ್ನ ಮಂದಿಗೆ ಹೆಂಗ ಕೊಡ್ಲಿ?" ಅಂದರು. ಮೇಲೆ ಎರಡು ಬೆರಳಿನಷ್ಟು ತೆಳು ಹಳದಿ ನೀರು, ನಡುವೆ ಮಜ್ಜಿಗೆಯ ಬಿಳಿ ಕಣ, ತಳದಲ್ಲಿ ಕೆಸರಿನ ಹಾಗೆ ಕೂತ ಜೋಳದ ಹಿಟ್ಟು. ಅವರ ಎದುರಿಗೇ ಒಂದು ಬಾಟ್ಲಿ ಅಲುಗಾಡಿಸಿ ಕುಡಿದು ತೋರಿಸಿದೆ. ಹುಳಿ ಹದವಾಗಿತ್ತು, ವಾಸನೆ ಇರಲಿಲ್ಲ, ಕೆಟ್ಟಿರಲಿಲ್ಲ. ಆದರೂ ಅವರ ಮಾತು ಸರಿಯಾಗಿಯೇ ಇತ್ತು. ದುಡ್ಡು ಕೊಟ್ಟು ಕೊಳ್ಳುವವರು ಮೊದಲು ಕಣ್ಣಿನಿಂದಲೇ ಕುಡಿಯುತ್ತಾರೆ.

ಗಂಗಾವತಿ ಸೀಮೆಯ ನಮ್ಮ ಊರಲ್ಲಿ ಸಂಘದ ಐದು ಮಂದಿ ಹೆಣ್ಣುಮಕ್ಕಳು ಸೇರಿ ಜೋಳದ ಅಂಬಲಿ-ಮಜ್ಜಿಗೆಯನ್ನು ಬಾಟ್ಲಿಗೆ ತುಂಬಿ ಮಾರುವ ಕೆಲಸ ಶುರು ಮಾಡಿದ್ದೇವೆ. ಯಾಕೆ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಏಪ್ರಿಲ್-ಮೇ ಅಂದರೆ 40 ಡಿಗ್ರಿ ದಾಟಿದ ಬಿಸಿಲು. ಖಾತ್ರಿ ಕೆಲಸಕ್ಕೆ ಹೋಗುವವರು, ಗದ್ದೆಗೆ ಹೋಗುವವರು ಮನೆಯಿಂದ ಅಂಬಲಿ ಕಟ್ಟಿಕೊಂಡು ಹೋಗುತ್ತಾರೆ. ಮನೆಯಲ್ಲಿ ಮಾಡಿಕೊಡುವವರಿಲ್ಲದವರು ಬಸ್‌ಸ್ಟ್ಯಾಂಡಿನಲ್ಲಿ ಬಣ್ಣದ ಸೋಡಾ ಕೊಳ್ಳುತ್ತಾರೆ. ಅದೇ ಫ್ರಿಜ್‌ನಲ್ಲಿ, ಅದೇ ರೇಟಿಗೆ, ಉಪ್ಪು ಹಾಕಿದ ಅಂಬಲಿ ಸಿಗಲಿ ಅನ್ನುವುದು ನಮ್ಮ ಆಸೆ. ಆಹಾರ ಸಂಸ್ಕರಣೆ ಓದಿದವಳು ನಾನು, ಹಾಗಾಗಿ ಇದು ಸುಲಭ ಅಂದುಕೊಂಡಿದ್ದೆ.

ಮೊದಲ ಬ್ಯಾಚಿನಲ್ಲಿ ಕ್ರಿಮಿ ಸಾಯಲಿ ಅಂತ ಮಜ್ಜಿಗೆಯನ್ನು ಹಾಗೇ ಕಾಯಿಸಿದೆ. ಐದೇ ನಿಮಿಷದಲ್ಲಿ ರವೆ ರವೆಯಾಗಿ ಒಡೆಯಿತು. ಹಾಲನ್ನು ಎಷ್ಟು ಕುದಿಸಿದರೂ ಒಡೆಯದ ಅದೇ ಪ್ರೋಟೀನ್ ಮಜ್ಜಿಗೆಯಲ್ಲಿ ಯಾಕೆ ಹೀಗೆ ಕೈಕೊಡುತ್ತದೆ ಅನ್ನುವುದನ್ನು ಪುಸ್ತಕದಲ್ಲಿ ಓದಿದ್ದೆ. ತಪ್ಪಲೆಯೊಳಗೆ ಕಂಡಿದ್ದು ಆವತ್ತೇ.

ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಕೇಸಿನ್, ಉಳಿದದ್ದು ವ್ಹೇ, ಅಂದರೆ ತಿಳಿನೀರಿನ ಪ್ರೋಟೀನ್. ಕೇಸಿನ್ ಬಿಡಿಬಿಡಿಯಾಗಿ ಇರುವುದಿಲ್ಲ. ಸಾವಿರಾರು ಅಣುಗಳು ಸೇರಿ 100-200 ನ್ಯಾನೊಮೀಟರ್ ಆಸುಪಾಸಿನ ಪುಟ್ಟ ಉಂಡೆಗಳಾಗಿ ತೇಲುತ್ತಿರುತ್ತವೆ. ಒಳಗೆ ಕ್ಯಾಲ್ಸಿಯಂ ಫಾಸ್ಫೇಟ್ ಅವನ್ನು ಹಿಡಿದು ಕಟ್ಟಿರುತ್ತದೆ, ಹೊರಗೆ ಕಪ್ಪಾ ಕೇಸಿನ್ ಎಂಬ ಪ್ರೋಟೀನ್ ಕೂದಲಿನ ಹಾಗೆ ಎದ್ದು ನಿಂತಿರುತ್ತದೆ. ಪಿಎಚ್ ಅಂದರೆ ಹುಳಿಯ ಅಳತೆ, ಹುಳಿ ಏರಿದಷ್ಟೂ ಅಂಕಿ ಇಳಿಯುತ್ತದೆ. ಹಾಲಿನ ಪಿಎಚ್ 6.6-6.7. ಆ ಮಟ್ಟದಲ್ಲಿ ಉಂಡೆಗಳ ಮೇಲೆಲ್ಲ ಋಣ ವಿದ್ಯುದಂಶ, ಹಾಗಾಗಿ ಒಂದನ್ನೊಂದು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹೆಪ್ಪು ಬಿದ್ದು ಹುಳಿ ಏರಿ ಪಿಎಚ್ 4.6ಕ್ಕೆ ಇಳಿದಾಗ ಆ ವಿದ್ಯುದಂಶ ಸೊನ್ನೆಯಾಗುತ್ತದೆ. ದೂರ ತಳ್ಳುವ ಶಕ್ತಿಯೇ ಹೋದ ಮೇಲೆ ಉಂಡೆಗಳು ಅಂಟಿಕೊಂಡು ಜಾಲವಾಗುತ್ತವೆ. ಅದೇ ಮೊಸರು. ಆ ಜಾಲವನ್ನು ಕಡೆದು ಮಜ್ಜಿಗೆ ಮಾಡಿ ಮತ್ತೆ ಕಾಯಿಸಿದರೆ ಕಣಗಳು ಮುದುಡಿ, ಇನ್ನಷ್ಟು ಬಿಗಿದು, ನೀರನ್ನು ಹೊರಹಾಕುತ್ತವೆ.

(ಈ 4.6 ಎಂಬ ಅಂಕಿ ಇನ್ನೊಂದು ಕಡೆಯೂ ಬರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ವಿಷ ಮಾಡುವ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಬ್ಯಾಕ್ಟೀರಿಯಾ ಪಿಎಚ್ 4.6ಕ್ಕಿಂತ ಕೆಳಗೆ ಬೆಳೆಯಲಾರದು. ಮಜ್ಜಿಗೆಯನ್ನು ಒಡೆಯುವ ಹುಳಿಯೇ ಅದನ್ನು ಕಾಪಾಡುತ್ತದೆ ಕೂಡ. ಬಾಟ್ಲಿ ತುಂಬುವ ಪ್ರತಿ ಸಲವೂ ಇದು ನನ್ನ ನೆನಪಿಗೆ ಬರುತ್ತದೆ.)

ಆ ಒಡೆದ ತಪ್ಪಲೆಯನ್ನು ನೋಡಿ ಅವ್ವ ಕೇಳಿದ್ದು ಒಂದೇ ಮಾತು: "ಕಡ್ಲಿಹಿಟ್ಟ ಹಾಕಿಲ್ಲೇನ?"

ಅವ್ವ ಮಜ್ಜಿಗಿ ಸಾರು ಮಾಡುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಆದರೆ ಆವತ್ತು ಪಕ್ಕದಲ್ಲೇ ಕೂತು ನೋಡಿದೆ. ತಣ್ಣನೆಯ ಮಜ್ಜಿಗೆಗೆ ಒಂದು ಮುಷ್ಟಿ ಕಡ್ಲಿಹಿಟ್ಟು. ಬೆರಳಿನಿಂದ ಕಿವುಚಿ ಒಂದೂ ಗಂಟಿಲ್ಲದಂತೆ ಕಲಸುತ್ತಾಳೆ. ಆಮೇಲೇ ಒಲೆಗೆ. ಉರಿ ಸಣ್ಣದು. ಮೊದಲ ಕುದಿ ಬರುವವರೆಗೆ ಸೌಟು ನಿಲ್ಲುವುದಿಲ್ಲ. ಯಾರಾದರೂ ಬಾಗಿಲಲ್ಲಿ ಕರೆದರೂ ಏಳುವುದಿಲ್ಲ, ಅಲ್ಲಿಂದಲೇ "ಬರ್ರಿ ಒಳಗ" ಅನ್ನುತ್ತಾಳೆ. ಉಪ್ಪು ಇಳಿಸಿದ ಮೇಲೆ. ಮೊದಲೇ ಯಾಕೆ ಹಾಕಲ್ಲ ಅಂದರೆ, "ಮೊದ್ಲ ಹಾಕಿದ್ರ ಒಡೀತೈತಿ" ಅಷ್ಟೇ. ಕಡ್ಲಿಹಿಟ್ಟಿನ ಪಿಷ್ಟ ಬಿಸಿಗೆ ಉಬ್ಬಿ ಮಜ್ಜಿಗೆಯನ್ನು ದಪ್ಪಗೆ ಮಾಡುತ್ತದೆ, ಪ್ರೋಟೀನ್ ಕಣಗಳ ನಡುವೆ ಅಡ್ಡ ನಿಲ್ಲುತ್ತದೆ, ಕಣಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬರುವುದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಸ್ಟೆಬಿಲೈಸರ್ ಅನ್ನುವುದು ಇದನ್ನೇ.

ಆದರೆ ಕಡ್ಲಿಹಿಟ್ಟಿನ ಸಾರು ಮಧ್ಯಾಹ್ನಕ್ಕೆ ಮುಗಿಯುವ ಅಡುಗೆ. ನನ್ನ ಬಾಟ್ಲಿ ಮೂರು ವಾರ ನಿಲ್ಲಬೇಕು. ಆಗ ಒಬ್ಬ ವ್ಯಾಪಾರಿ ಬಿಳಿ ಪುಡಿಯ ಪ್ಯಾಕೆಟ್ ತಂದುಕೊಟ್ಟ. ಕೇಜಿಗೆ ಹೇಳಿದ ರೇಟು ಕೇಳಿ ನಮ್ಮ ಸಂಘದವರು ಮುಖ ಮುಖ ನೋಡಿಕೊಂಡರು. ಒಳಗೆ ಏನಿದೆ ಅಂತ ಕೇಳಿದೆ. "ಫಾರ್ಮುಲಾ ಹೇಳಂಗಿಲ್ಲ ಮೇಡಂ, ಹಾಕ್ರಿ ಸಾಕು" ಅಂದ. ಜನ ಕುಡಿಯುವ ವಸ್ತುವಿಗೆ ಹಾಕುವ ಪುಡಿಯ ಹೆಸರನ್ನೇ ಹೇಳದವನ ಮಾತು ಕೇಳಿ ನಾನು ಲೇಬಲ್ ಮೇಲೆ ಏನು ಬರೆಯಲಿ? ವಾಪಸ್ ಕಳಿಸಿದೆ. ಇವತ್ತು ಈ ಬರಹ ಬರೆಯಲು ಆ ಪ್ಯಾಕೆಟ್ಟೇ ಕಾರಣ.

ಯಾಕೆಂದರೆ ಮಜ್ಜಿಗೆ ಒಡೆಯದಂತೆ ತಡೆಯುವುದು ಗುಟ್ಟಿನ ವಿದ್ಯೆ ಏನೂ ಅಲ್ಲ. ಹುಳಿ ಹಾಲಿನ ಪೇಯಗಳಿಗೆ ಹೈ ಮೆಥಾಕ್ಸಿಲ್ ಎಂಬ ಬಗೆಯ ಪೆಕ್ಟಿನ್ ಬಳಸುವುದು ಬಹಳ ವರ್ಷಗಳಿಂದ ಗೊತ್ತಿರುವ ಸಂಗತಿ. ಮೋಸಂಬಿ-ನಿಂಬೆ ಜಾತಿಯ ಸಿಪ್ಪೆ, ಸೇಬಿನ ಹಿಪ್ಪೆಯಿಂದ ತೆಗೆದ ನಾರು ಅದು. ಹುಳಿಯಲ್ಲಿ ಕೇಸಿನ್ ಮೇಲೆ ಧನ ವಿದ್ಯುದಂಶ ತಲೆ ಎತ್ತಿರುತ್ತದೆ, ಪೆಕ್ಟಿನ್ ಮೇಲೆ ಋಣ. ಪೆಕ್ಟಿನ್ ಹೋಗಿ ಕಣಕ್ಕೆ ಅಂಟಿ ಹೊದಿಕೆಯಾಗುತ್ತದೆ. ಹುಳಿ ಕಿತ್ತುಕೊಂಡಿದ್ದ ಕೂದಲನ್ನು ಹೊಸದಾಗಿ ನೆಟ್ಟ ಹಾಗೆ. ಕಣಗಳು ಮತ್ತೆ ದೂರ ನಿಲ್ಲುತ್ತವೆ, ಕಾಯಿಸಿದರೂ ರವೆಯಾಗುವುದಿಲ್ಲ.

ತೊಡಕು ಬರುವುದು ಉಪ್ಪಿನಲ್ಲಿ. ನನ್ನ ಕೈಗೆ ಸಿಕ್ಕ ಅಳತೆಗಳೆಲ್ಲ ಸಕ್ಕರೆ ಹಾಕಿದ ಹಣ್ಣಿನ ಮೊಸರು ಪೇಯಕ್ಕೆ ಬರೆದವು. ನಮ್ಮ ಮಜ್ಜಿಗೆಗೆ ಉಪ್ಪು ಬೇಕೇ ಬೇಕು, ಬೆವರು ಸುರಿಸಿದವರಿಗೆ ಅದೇ ಮುಖ್ಯ. ಉಪ್ಪಿನ ಅಯಾನುಗಳು, ಅಂದರೆ ನೀರಿನಲ್ಲಿ ಕರಗಿ ಬಿಡಿಯಾದ ವಿದ್ಯುದಂಶದ ಕಣಗಳು, ಹೆಚ್ಚಾದಂತೆ ಪೆಕ್ಟಿನ್ ಮತ್ತು ಕೇಸಿನ್ ನಡುವಿನ ಸೆಳೆತ ಸಡಿಲವಾಗುತ್ತದೆ. ಅವ್ವ ಉಪ್ಪನ್ನು ಕೊನೆಗೆ ಹಾಕುವುದು ನನಗೆ ನೆನಪಾಗಿದ್ದು ಇಲ್ಲೇ. ಅದರ ಮೇಲೆ ಜೋಳ. ಬೆಂದ ಪಿಷ್ಟ ಆರಿದ ಮೇಲೆ ಮತ್ತೆ ಒತ್ತೊತ್ತಾಗಿ ಕೂಡಿ ನೀರು ಬಿಡುತ್ತದೆ, ರಾತ್ರಿಯ ಸಂಗಟಿ ಬೆಳಿಗ್ಗೆ ನೀರು ಬಿಟ್ಟಿರುತ್ತದಲ್ಲ, ಹಾಗೆ. ಹಿಟ್ಟಿನ ಕಣ ದೊಡ್ಡದಿದ್ದರೆ ತಳಕ್ಕೆ ಇಳಿಯುತ್ತದೆ. ಕಣದ ಅಳತೆ ಅರ್ಧ ಆದರೆ ಇಳಿಯುವ ವೇಗ ಕಾಲು ಭಾಗಕ್ಕೆ ಬರುತ್ತದೆ, ಆದ್ದರಿಂದ ನಮ್ಮ ಗಿರಣಿಯವರ ಹತ್ತಿರ ಎರಡು ಸಲ ಬೀಸಿಸಿ, ಬಟ್ಟೆಯಲ್ಲಿ ಸೋಸುತ್ತೇವೆ. ಉಪ್ಪು, ಹುಳಿ, ಜೋಳ, ಬಿಸಿಲು ನಾಲ್ಕೂ ಸೇರಿದ ಪೇಯ ಇದು. ಇದರ ಅಳತೆಯನ್ನು ನಾವೇ ಹುಡುಕಿಕೊಳ್ಳಬೇಕು.

ಹುಡುಕಿದರೆ ಸಿಗುತ್ತದೆ ಅನ್ನುವುದಕ್ಕೆ ನಮ್ಮ ದೇಶದ ಉದಾಹರಣೆಯೇ ಇದೆ. ಎಮ್ಮೆ ಹಾಲಿನಿಂದ ಪುಡಿ ಮಾಡಲು ಆಗುವುದಿಲ್ಲ ಅಂತ ಹೊರದೇಶದ ತಜ್ಞರು ಹೇಳುತ್ತಿದ್ದ ಕಾಲದಲ್ಲಿ ಗುಜರಾತಿನ ಆನಂದ್‌ನಲ್ಲಿ ಹಾಲಿನ ತಂತ್ರಜ್ಞ ಎಚ್. ಎಂ. ದಲಾಯ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಅಲ್ಲಿ ಕಾರ್ಖಾನೆಯೇ ಶುರುವಾಯಿತು. 1950ರಲ್ಲಿ ಆರಂಭವಾದ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಎಮ್ಮೆ ಹಾಲಿನಿಂದ ಎಳೆ ಮಕ್ಕಳ ಆಹಾರ ತಯಾರಿಸುವ ವಿಧಾನ ರೂಪಿಸಿತು, ಅಮುಲ್ ಅದನ್ನು ಕೈಗೆತ್ತಿಕೊಂಡಿತು. ಎಮ್ಮೆ ಹಾಲಿನಲ್ಲಿ ಕೇಸಿನ್, ಕ್ಯಾಲ್ಸಿಯಂ ಎರಡೂ ಆಕಳ ಹಾಲಿಗಿಂತ ಹೆಚ್ಚು, ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಬೇರೆಯವರ ಹಾಲಿಗೆ ಬರೆದ ಅಳತೆ ನಡೆಯಲಿಲ್ಲ, ನಮ್ಮವರು ನಮ್ಮ ಹಾಲಿಗೆ ಅಳತೆ ಬರೆದರು.

ಈಗ ಫಂಕ್ಷನಲ್ ಪೇಯ, ಅಂದರೆ ಆರೋಗ್ಯಕ್ಕೆ ವಿಶೇಷ ಲಾಭ ಕೊಡುವ ಪೇಯ, ಅನ್ನುವ ಮಾತು ಎಲ್ಲೆಲ್ಲೂ. 2024ರ ಏಪ್ರಿಲ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ, ಆನ್‌ಲೈನ್ ಮಾರಾಟಗಾರರು ಹಾಲು, ಧಾನ್ಯ, ಮಾಲ್ಟ್ ಆಧಾರಿತ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಲ್ಲಿ ಇಡಬಾರದು ಎಂದಿತು, ಕಾನೂನಿನಲ್ಲಿ ಆ ಹೆಸರಿಗೆ ವ್ಯಾಖ್ಯಾನವೇ ಇಲ್ಲ ಅನ್ನುವ ಕಾರಣಕ್ಕೆ. ನನಗೆ ಅದು ಸರಿ ಅನ್ನಿಸಿತು. ನಮ್ಮ ಬಾಟ್ಲಿಯ ಮೇಲೂ ಅಂಥ ಮಾತು ಬರೆದಿಲ್ಲ. 85 ಡಿಗ್ರಿಗೆ ಕಾಯಿಸಿದ ಮಜ್ಜಿಗೆಯಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ ಬದುಕಿರುವುದಿಲ್ಲ, ಹಾಗಾಗಿ ಪ್ರೊಬಯೋಟಿಕ್ ಅಂತಲೂ ಬರೆಯುವುದಿಲ್ಲ. ಜೋಳ, ಮಜ್ಜಿಗೆ, ಉಪ್ಪು, ಜೀರಿಗೆ, ಪೆಕ್ಟಿನ್. ಇದ್ದದ್ದು ಇಷ್ಟೇ, ಬರೆದದ್ದೂ ಇಷ್ಟೇ.

ಪೇಯ ಒಡೆಯದಂತೆ ಹಿಡಿದಿಡುವ ಈ ಸ್ಥಿರತೆಯ ವಿಜ್ಞಾನ ಜಿಮ್‌ಗೆ ಹೋಗುವವರ ವ್ಹೇ ಶೇಕ್‌ಗೆ ಮಾತ್ರ ಬೇಕಾದದ್ದು ಅಂತ ತಿಳಿದವರಿಗೆ ನಮ್ಮೂರ ಸರ್ಕಾರಿ ಶಾಲೆಯ ಅಡುಗೆ ಮನೆ ತೋರಿಸಬೇಕು. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿಗೆ 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ರಾಗಿ ಮಿಶ್ರಣ ಬೆರೆಸಿ ಕೊಡುತ್ತಾರೆ. ಒಳ್ಳೆಯ ಕೆಲಸ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ಹಾಲಿನಲ್ಲಿ ಸುಮಾರು 120. ಆದರೆ ಹಾಲಿನ ಪುಡಿಯನ್ನು ಕಲಸುವುದು ಬೋರಿನ ನೀರಿನಲ್ಲಿ, ನಮ್ಮ ಬೋರಿನ ನೀರು ಗಡಸು. ನೀರಿನಲ್ಲಿ ಕ್ಯಾಲ್ಸಿಯಂ ಅಯಾನು ಹೆಚ್ಚಿದಷ್ಟೂ ಹಾಲಿನ ಪ್ರೋಟೀನ್ ಬಿಸಿ ತಾಳುವುದು ಕಡಿಮೆ. ಕಾರ್ಖಾನೆಗಳು ಸಿಟ್ರೇಟ್, ಫಾಸ್ಫೇಟ್ ಲವಣ ಹಾಕಿ ಆ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತವೆ. ನಮ್ಮ ಶಾಲೆಯ ಅಡುಗೆಯ ಅಕ್ಕ ತಾನೇ ಒಂದು ದಾರಿ ಕಂಡುಕೊಂಡಿದ್ದಾಳೆ: ರಾಗಿಯನ್ನು ನೀರಿನಲ್ಲಿ ಬೇರೆಯಾಗಿ ಬೇಯಿಸಿ, ಒಲೆ ಆರಿಸಿ, ಆಮೇಲೆ ಹಾಲು ಸುರಿಯುತ್ತಾಳೆ. ಬೆಲ್ಲದ ಪಾಯಸಕ್ಕೆ ಹಾಲು ಹಾಕುವ ಹಾಗೆ.

ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ಸಂಸ್ಕರಣೆಯ ವಿಭಾಗವಿದೆ. ಬಳ್ಳಾರಿಯಲ್ಲಿ ಹಾಲು ಒಕ್ಕೂಟವಿದೆ. ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮ ಜೋಳ, ನಮ್ಮ ಎಮ್ಮೆ ಹಾಲು, ನಮ್ಮ ಗಡಸು ನೀರು ಇಟ್ಟುಕೊಂಡು, ಎಷ್ಟು ಉಪ್ಪಿಗೆ ಎಷ್ಟು ಪೆಕ್ಟಿನ್, ಯಾವ ಪಿಎಚ್, ಎಷ್ಟು ಬಿಸಿ ಅನ್ನುವ ಒಂದು ಪುಟದ ಕೋಷ್ಟಕ ಕನ್ನಡದಲ್ಲಿ ಬರಲಿ. ಸಂಘದ ಹೆಣ್ಣುಮಕ್ಕಳು ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡುವಂತಿರಲಿ. ಹೆಸರಿಲ್ಲದ ಪುಡಿ ಮಾರುವವರ ಎದುರು ಯಾರೂ ಕೈಚಾಚಿ ನಿಲ್ಲುವಂತೆ ಆಗದಿರಲಿ.

ಅಲ್ಲಿಯವರೆಗೆ ನಮ್ಮ ಅಳತೆಯನ್ನು ಇಲ್ಲಿ ಬರೆಯುತ್ತಿದ್ದೇನೆ, ಬೇಕಾದವರು ತೆಗೆದುಕೊಳ್ಳಲಿ. ಒಂದು ಲೀಟರಿಗೆ 30 ಗ್ರಾಂ ಜೋಳದ ಹಿಟ್ಟು, ಬೇಯಿಸಿ ಪೂರ್ತಿ ಆರಿಸಿದ್ದು. 5 ಗ್ರಾಂ ಪೆಕ್ಟಿನ್, ಬಿಸಿ ನೀರಿನಲ್ಲಿ ಗಂಟಿಲ್ಲದಂತೆ ಕರಗಿಸಿ, ಆರಿಸಿ, ತಣ್ಣನೆಯ ಮಜ್ಜಿಗೆಗೆ ಮೊದಲು ಸೇರಿಸಬೇಕು. ಪಿಎಚ್ 4.1. ಚೆನ್ನಾಗಿ ಕಡೆದು ಹೊಂದಿಸಿದ ಮೇಲೆ 85 ಡಿಗ್ರಿಗೆ ಕಾಯಿಸುವುದು, ಕೈ ಆಡಿಸುತ್ತಲೇ ಇರಬೇಕು. 5 ಗ್ರಾಂ ಉಪ್ಪು ಕೊನೆಗೆ, ಬಿಸಿ ಇರುವಾಗಲೇ ಬಾಟ್ಲಿಗೆ. ಈ ಅಳತೆಯಲ್ಲಿ ತುಂಬಿದ ಹನ್ನೆರಡು ಬಾಟ್ಲಿ ನಮ್ಮ ಕಿಟಕಿಯ ಕಟ್ಟೆಯ ಮೇಲಿವೆ. ಇವತ್ತಿಗೆ ಹತ್ತೊಂಬತ್ತನೇ ದಿನ. ಮೇಲೆ ಒಂದು ಉಗುರಿನಷ್ಟು ನೀರು ನಿಂತಿದೆ, ತಳದಲ್ಲಿ ಹಿಟ್ಟು ಕೂತಿಲ್ಲ. ಉಪ್ಪು 6 ಗ್ರಾಂ ಮಾಡಿದರೆ ಆ ನೀರು ಎರಡರಷ್ಟಾಗುತ್ತಿದೆ. ನಾಳೆ ಪೆಕ್ಟಿನ್ ಅರ್ಧ ಗ್ರಾಂ ಏರಿಸಿ ನೋಡುತ್ತೇವೆ, ಅದರ ಲೆಕ್ಕವನ್ನೂ ಇಲ್ಲೇ ಹಾಕುತ್ತೇನೆ.